ನೀಲಿ ಬಟ್ಟೆ ಕಟ್ಟಿದ ಪಾತಿ

ಹಾರಂಗಿ ರಸ್ತೆ, ಕುಶಾಲನಗರ
೯ ಮಾರ್ಚ್ ೨೦೨೫

ವಾರಿಜಾಕ್ಷಿ ಟೀಚರಿಗೆ ಯಮುನಳ ನಮಸ್ಕಾರ.

ಫೋನಿನಲ್ಲಿ ಮಾತಾಡಿ ಪ್ರಯೋಜನವಿಲ್ಲ. ಭಾಗಮಂಡಲದಲ್ಲಿ ಸಿಗ್ನಲ್ ಇರುವಾಗ ನಿಮಗೆ ಕಿವಿ ಕೇಳುವುದಿಲ್ಲ, ಕಿವಿ ಕೇಳುವಾಗ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಮೂವತ್ತೈದು ವರ್ಷದ ಅಭ್ಯಾಸದಂತೆ ಕಾಗದ. ಮೂವತ್ತು ದಾಟಿದವಳಿಗೆ ರಾತ್ರಿ ಶಾಲೆಯಲ್ಲಿ ಬರೆಯಲು ಕಲಿಸಿದವರು ನೀವೇ, ಓದುವ ಕಷ್ಟವೂ ನಿಮ್ಮದೇ.

ಹೋದ ತಿಂಗಳು ಎರಡು ದಿನ ನಮ್ಮಲ್ಲಿಗೆ ಬಂದಿದ್ದಿರಲ್ಲ, ಗಿಡ ಕೇಳಲು ಬಂದ ಅಶ್ವಥ್ ನಿಮ್ಮ ಶಿಷ್ಯ ಅಂತ ಗೊತ್ತಾದದ್ದೇ ತಡ, ಎಂಬತ್ತೊಂಬತ್ತನೇ ಇಸವಿಯ ಏಳನೇ ತರಗತಿಯ ಹಾಜರಿಯನ್ನು ಒಂದರಿಂದ ನಲವತ್ತೆರಡರವರೆಗೆ ಒಪ್ಪಿಸಿಬಿಟ್ಟಿರಿ. ಅವನು ನಿಂತಲ್ಲೇ ಕೈಮುಗಿದ. ನನಗೆ ಅಂದಿನಿಂದ ಒಂದೇ ಯೋಚನೆ. ನಿಮಗೆ ಎಪ್ಪತ್ತು, ನನಗೆ ಅರವತ್ತೇಳು. ಈ ಹೆಂಗಸಿನ ತಲೆಗೆ ಯಾವ ಗೊಬ್ಬರ ಹಾಕಿದ್ದಾರೆ? ಆಪರೇಷನ್ ಆದ ಮೇಲೆ ನೀವು ಹಾರ್ಮೋನ್ ಮಾತ್ರೆ ತಿನ್ನುತ್ತಿದ್ದದ್ದು ನೆನಪಿಗೆ ಬಂತು. ಅದರ ವಿಷಯ ಬರೆಯಿರಿ.

ನರ್ಸರಿ ಸುದ್ದಿ. ಚೆಟ್ಟಳ್ಳಿಯಲ್ಲಿ ನಾನು ಮೊದಲು ಕಾಫಿ ಕುಯ್ಯುತ್ತಿದ್ದ, ಆಮೇಲೆ ಆಳುಗಳ ಲೆಕ್ಕ ಬರೆಯುವ ರೈಟರ್ ಆದ ತೋಟದಲ್ಲಿ ಸೊರಗು ರೋಗ ಬಂದು ಮೆಣಸಿನ ಬಳ್ಳಿಯೆಲ್ಲ ಹೋದಾಗ ಒಂದೇ ಒಂದು ಬಳ್ಳಿ ನಿಂತಿತ್ತು. ಅದರ ಕುಡಿ ತಂದು ಆರುನೂರು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದ್ದೇನೆ. ಪಕ್ಕದ ಪಾತಿಯಲ್ಲಿ ಸಾಧಾರಣ ಬಳ್ಳಿಯದು ಆರುನೂರು. ಎಲೆ ನೋಡಿದರೆ ಎರಡೂ ಒಂದೇ. ಗುರುತಿಗೆ ಹಳೆ ಸೀರೆ ಹರಿದು ಒಂದಕ್ಕೆ ನೀಲಿ, ಒಂದಕ್ಕೆ ಹಸಿರು ಕಟ್ಟಿದ್ದೇನೆ. ಬೋರ್ಡು ಹಾಕುವವಳಲ್ಲ ನಾನು. ಹಾಕಿದರೆ ಬೇಲಿಯಾಚೆಯ ನರ್ಸರಿಯವರಿಗೆ ಕುಡಿ ಕದಿಯಲು ದಾರಿ ತೋರಿಸಿದಂತೆ. ಯಾವ ಬಣ್ಣ ಯಾವುದು ಅನ್ನುವುದು ನನ್ನ ತಲೆಯಲ್ಲಿ ಮಾತ್ರ. ಚೆಟ್ಟಳ್ಳಿ ಬಳ್ಳಿಯನ್ನು ಜುಲೈಯಲ್ಲಿ ಕೊಡುತ್ತೇನೆಂದು ಹನ್ನೊಂದು ಮನೆಗೆ ಮಾತು ಕೊಟ್ಟಾಗಿದೆ. ತಪ್ಪು ಗಿಡ ಹೋದರೆ ಅವರಿಗೆ ತಿಳಿಯುವುದು ಮೂರು ವರ್ಷ ಸಾಕಿದ ಮೇಲೆ, ಒಂದೇ ಮಳೆಗಾಲದಲ್ಲಿ ಎಲ್ಲ ಒಣಗಿ ನೇತಾಡುವಾಗ.

ಅಂದಹಾಗೆ ನಿಮ್ಮ ನೆನಪಿಗೊಂದು ಪರೀಕ್ಷೆ. ಬಟ್ಟೆ ಕಟ್ಟಿದ ದಿನ ನೀವು ಇಲ್ಲೇ ಇದ್ದಿರಿ. ನೀಲಿ ಯಾವುದು?

ಯಮುನ


ಭಾಗಮಂಡಲ
೧೭ ಮಾರ್ಚ್ ೨೦೨೫

ಪ್ರಿಯ ಯಮುನ,

ನನಗೆ ನಲವತ್ತಮೂರಕ್ಕೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಮೈಯೆಲ್ಲ ಬೆಂಕಿ, ನಿದ್ದೆಯಿಲ್ಲ, ತರಗತಿಯಲ್ಲಿ ಮಕ್ಕಳ ಮೇಲೆ ರೇಗಾಟ. ಅದಕ್ಕೆಂದು ಮೈಸೂರಿನ ಡಾಕ್ಟರು ಮಾತ್ರೆ ಕೊಟ್ಟರು. ಏಳು ವರ್ಷ ತಿಂದೆ, ಐವತ್ತಕ್ಕೆ ಅವರೇ ನಿಲ್ಲಿಸಿದರು. ಅದಕ್ಕೂ ನೆನಪಿಗೂ ಯಾವ ಸಂಬಂಧವೂ ಇಲ್ಲ. ನನ್ನ ನೆನಪು ಮೊದಲಿನಿಂದಲೂ ಹೀಗೆಯೇ.

ನಿನ್ನ ಪರೀಕ್ಷೆಯ ವಿಷಯ. ಬಟ್ಟೆ ಕಟ್ಟುವ ಹೊತ್ತಿಗೆ ನನ್ನನ್ನೂ ಪುಟ್ಟರಾಜುವನ್ನೂ "ಕಾಫಿ ಕುಡಿದು ಬನ್ನಿ" ಎಂದು ಒಳಗೆ ಅಟ್ಟಿದೆ. ಇಪ್ಪತ್ತು ವರ್ಷದಿಂದ ನಿನ್ನ ಗಿಡಗಳಿಗೆ ನೀರು ಹಾಕುತ್ತಿರುವ ಮನುಷ್ಯನಿಗೂ ಹೇಳದ ಗುಟ್ಟನ್ನು ನನ್ನಲ್ಲಿ ಕೇಳುತ್ತೀಯಲ್ಲ? ಪಾಠ ಮಾಡದೆ ಪರೀಕ್ಷೆ ಇಡುವ ಮೇಷ್ಟರನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿಲ್ಲ.

ವಾರಿಜಾಕ್ಷಿ


ಕುಶಾಲನಗರ
೨೪ ಮಾರ್ಚ್ ೨೦೨೫

ಟೀಚರೇ,

ಮಾತ್ರೆಗೂ ನೆನಪಿಗೂ ಸಂಬಂಧವಿಲ್ಲ ಎಂದು ಗೆರೆ ಎಳೆದು ಬರೆದಿದ್ದೀರಿ. ಲೆಕ್ಕ ನೋಡಿ. ನನಗೆ ಗೊತ್ತಿರುವ ಎಪ್ಪತ್ತರ ಆಸುಪಾಸಿನ ಹೆಂಗಸರು ಒಂಬತ್ತು ಮಂದಿ. ಎಂಟು ಮಂದಿ ಮಾತ್ರೆ ತಿಂದವರಲ್ಲ. ಎಂಟು ಮಂದಿಯೂ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಒಬ್ಬರು ತಿಂದವರು, ಅವರು ನಲವತ್ತೆರಡು ಹುಡುಗರ ಹೆಸರು ಒಪ್ಪಿಸುತ್ತಾರೆ. ಇದಕ್ಕಿಂತ ಹೆಚ್ಚಿಗೆ ಇನ್ನೇನು ಬೇಕು?

ಈ ಸಲ ನಮ್ಮ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ. ತೋಟದವರು ಆಕಾಶ ನೋಡುತ್ತ ಕೂತರೇ? ಹಾರಂಗಿ ಹಿನ್ನೀರಿಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸಿದರು, ಒಂಬತ್ತನೇ ದಿನಕ್ಕೆ ಕಾಫಿ ಗಿಡವೆಲ್ಲ ಬಿಳಿ. ಮೈಯೊಳಗಿನ ಮಳೆ ನಿಂತರೂ ಹಾಗೆಯೇ, ಹೊರಗಿನಿಂದ ನೀರು ಹಾಯಿಸಬೇಕು.

ನಮ್ಮವ್ವ ಹುಚ್ಚಮ್ಮನನ್ನು ನೀವು ನೋಡಿದ್ದಿರಿ. ಅರವತ್ತೆಂಟಕ್ಕೆ ಶುರುವಾಯಿತು. ಮೊದಲು ಬಿತ್ತನೆ ಬೀಜದ ಡಬ್ಬಗಳು ಅದಲುಬದಲಾದವು, ಆಮೇಲೆ ಮಕ್ಕಳು. ಕೊನೆಯ ವರ್ಷ ನನ್ನನ್ನು ನೋಡಿ, "ಯಾರ ಮನೆಯವಳವ್ವ ನೀನು, ನಿಮ್ಮವ್ವ ಕಾಯ್ತಿರ್ತಾಳೆ ಹೋಗು" ಅನ್ನುತ್ತಿದ್ದಳು. ಅದು ಬಿಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನೀಲಿ ವಿಷಯಕ್ಕೆ ಉತ್ತರ ತಪ್ಪಿಸಿಕೊಂಡಿದ್ದೀರಿ. ಕಾಫಿ ಕುಡಿಯುವಾಗ ಕಿಟಕಿಯಿಂದ ಕಂಡಿರಲೇಬೇಕು, ನಿಮ್ಮ ಕಣ್ಣು ನನಗೆ ಗೊತ್ತು. ನನಗೇನೋ ನಿಮ್ಮ ನೆನಪೂ ಸವೆದಿದೆ ಅನ್ನಿಸುತ್ತಿದೆ. ಏಳು ವರ್ಷ ದಿನಾ ನುಂಗಿದ ಮಾತ್ರೆಯ ಹೆಸರು ಕಾಗದದಲ್ಲಿ ಎಲ್ಲೂ ಇಲ್ಲ. ಮರೆತಿದ್ದರೆ ಮರೆತೆ ಅನ್ನಿ. ವಯಸ್ಸಾಯಿತು, ಯಾರೂ ನಗುವುದಿಲ್ಲ. ನಾನು ಸ್ವಲ್ಪ ನಗುತ್ತೇನೆ.

ಯಮುನ


ಭಾಗಮಂಡಲ
೨ ಏಪ್ರಿಲ್ ೨೦೨೫

ಯಮುನ,

ನಗುವ ಅವಶ್ಯಕತೆ ಇಲ್ಲ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಬಣ್ಣ, ಬೆಳಿಗ್ಗೆ ತಿಂಡಿಯಾದ ಮೇಲೆ ಎನ್ನುವುದೂ ಸೇರಿ, ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಈಗ ಹೇಳು, ಯಾರದು ಸವೆದಿದೆ?

ಇದು ನಿನ್ನ ಬಾಯಿ ಮುಚ್ಚಿಸಲು ಮಾತ್ರ, ತಿನ್ನಲು ಅಲ್ಲ. ಪಕ್ಕದಲ್ಲಿ ಕೂತ ತಮ್ಮ ಅನಂತಕೃಷ್ಣ, "ಅಕ್ಕಾ, ಅವರು ಕೆಣಕಿದ್ರು, ನೀನು ಕೊಟ್ಟೆ" ಎನ್ನುತ್ತಿದ್ದಾನೆ. ದೇವಸ್ಥಾನದ ಪೂಜೆ ಮಾಡಿಕೊಂಡಿರುವವನಿಗೆ ಹೆಂಗಸರ ಪತ್ರದ ಉಸಾಬರಿ ಯಾಕೆ ಎಂದು ಕೇಳಿದೆ.

ವಾರಿಜಾಕ್ಷಿ


ಕುಶಾಲನಗರ
೫ ಮೇ ೨೦೨೫

ಟೀಚರೇ,

ಉತ್ತರ ತಡವಾಯಿತು. ಪ್ರಯೋಗ ನಡೆಯುತ್ತಿತ್ತು, ಫಲ ಕಾಣದೆ ಬರೆಯಬಾರದು ಅಂತ ಸುಮ್ಮನಿದ್ದೆ.

ಮೆಡಿಕಲ್ ಶಾಪಿನ ರಾಜು ನಿಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು, "ಯಾವ ಡಾಕ್ಟ್ರು ಬರ್ದಿದ್ದಮ್ಮಾ? ಅಕ್ಷರ ಓದಕ್ಕೆ ಆಗ್ತದಲ್ಲ" ಅಂದ. "ಭಾಗಮಂಡಲದ ದೊಡ್ಡ ಡಾಕ್ಟ್ರು" ಅಂದೆ. ಕೊಟ್ಟ. ಏಪ್ರಿಲ್ ಎಂಟರಿಂದ ಶುರು. ಇವತ್ತಿಗೆ ಇಪ್ಪತ್ತೆಂಟು ದಿನ. ಇಪ್ಪತ್ತೆಂಟು ಮಾತ್ರೆ ಹೋಗಬೇಕಿತ್ತು, ಮೂವತ್ತೊಂದು ಹೋಗಿವೆ. ಅಂಗಡಿಯವನು ಎಣಿಸುವುದರಲ್ಲಿ ತಪ್ಪಿರಬೇಕು.

ಗುಣ ಕಾಣುತ್ತಿದೆ. ಚೆಟ್ಟಳ್ಳಿ ತೋಟದ ಕೂಲಿ ಲೈನಿನಲ್ಲಿ ನಮ್ಮ ಪಕ್ಕದ ಮನೆಯವರ ನಾಯಿಯ ಹೆಸರು ನೆನಪಾಯಿತು. ನಾನು ರೈಟರ್ ಆದ ಮೊದಲ ದಿನ ಪಿಕಿಂಗಿಗೆ ಬಂದ ಮೂವತ್ತಾರು ಆಳುಗಳ ಹೆಸರು ವರಸೆಯಾಗಿ ಬಂತು. ಹಳೆಯದೆಲ್ಲ ಸಾಲಾಗಿ ಬರುತ್ತಿದೆ. ಹೊಸದು ಇನ್ನೂ ಹೊರಡಬೇಕು.

ನಿಮಗೆ ಹೇಳಿರಲಿಲ್ಲ ಅನ್ನಿಸುತ್ತದೆ, ಗಿಡ ಕೇಳಲು ಅಶ್ವಥ್ ಅನ್ನುವವರೊಬ್ಬರು ಬರುತ್ತಿರುತ್ತಾರೆ, ನಿಮ್ಮ ಶಿಷ್ಯರಂತೆ. ನೀವು ಯಾವಾಗಲಾದರೂ ಬಂದರೆ ಭೇಟಿ ಮಾಡಿಸುತ್ತೇನೆ. ಹಾಗೆಯೇ ನಿಮಗೊಂದು ಪರೀಕ್ಷೆ ಇಡೋಣ ಅಂತಿದ್ದೇನೆ. ಎರಡು ಪಾತಿಗೆ ಬಣ್ಣದ ಬಟ್ಟೆ ಕಟ್ಟಿದ್ದೇನಲ್ಲ, ಅದರಲ್ಲಿ ನೀಲಿ ಯಾವುದು?

ಯಮುನ


ಭಾಗಮಂಡಲ
೧೦ ಮೇ ೨೦೨೫

ಯಮುನ,

ಮಾತ್ರೆ ಇವತ್ತೇ ನಿಲ್ಲಿಸು. ನಾನು ಬರೆದದ್ದರಲ್ಲಿ "ತಿನ್ನಲು ಅಲ್ಲ" ಎನ್ನುವ ಎರಡು ಪದ ಬಿಟ್ಟು ಉಳಿದದ್ದೆಲ್ಲ ಓದಿದ್ದೀಯ. ಅದು ಗರ್ಭಕೋಶ ಇಲ್ಲದವಳಿಗೆ ಬರೆದ ಮಾತ್ರೆ. ಇರುವವರಿಗೆ ಅದೊಂದನ್ನೇ ಕೊಡಬಾರದು, ಜೊತೆಗೆ ಇನ್ನೊಂದು ಕೊಡಬೇಕು, ಇಲ್ಲದಿದ್ದರೆ ಗರ್ಭಕೋಶಕ್ಕೆ ತೊಂದರೆ ಎಂದು ಆ ಕಾಲದಲ್ಲೇ ನನ್ನ ಡಾಕ್ಟರು ಹೇಳಿದ್ದರು. ನಿನ್ನ ಗರ್ಭಕೋಶ ನಿನ್ನ ಹತ್ತಿರವೇ ಇದೆ ತಾನೇ? ಅಂಗಡಿಯಲ್ಲಿ ನೀನು ಹೇಳಿದ ಭಾಗಮಂಡಲದ ದೊಡ್ಡ ಡಾಕ್ಟರ ಮಾತು ಇದು.

ಅಶ್ವಥ್ ವಿಷಯ ತಮಾಷೆಗೆ ಬರೆದೆಯೋ? ನನಗೆ ನಗು ಬರಲಿಲ್ಲ. ನೀಲಿಯ ಪ್ರಶ್ನೆ ಕೇಳುತ್ತಿರುವುದು ಇದು ಮೂರನೆಯ ಸಲ. ನನ್ನನ್ನು ಮರೆಗುಳಿ ಎಂದು ತೋರಿಸುವ ಆಸೆ ಇದ್ದರೆ ಬೇರೆ ದಾರಿ ಹುಡುಕು.

ವಾರಿಜಾಕ್ಷಿ


ಕುಶಾಲನಗರ
೨೭ ಮೇ ೨೦೨೫

ಟೀಚರೇ,

ಬೈಗುಳ ತಲುಪಿತು. ಎರಡು ದಿನ ನಿಲ್ಲಿಸಿದೆ, ಆಮೇಲೆ ನಿಲ್ಲಿಸಿದ್ದೇಕೆ ಅನ್ನಿಸಿ ಮತ್ತೆ ಹಿಡಿದೆ. ಒಳ್ಳೆಯದೇ ಆಯಿತು. ನೀವು ಹೆದರುತ್ತೀರೆಂದು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಗೆದ್ದವಳು ಸುಮ್ಮನಿರುವುದು ಹೇಗೆ? ಹದಿನೇಳು ವರ್ಷದ ಹಿಂದೆ ನಿಂತದ್ದು ಹೋದ ಬುಧವಾರದಿಂದ ಮತ್ತೆ ಶುರುವಾಗಿದೆ. ಸ್ಪ್ರಿಂಕ್ಲರ್ ಕೆಲಸ ಮಾಡಿದೆ. ಸೊಂಟ ಸ್ವಲ್ಪ ಎಳೆಯುತ್ತದೆ, ಅದು ಆಗಲೂ ಎಳೆಯುತ್ತಿತ್ತು.

ಜುಲೈ ಹತ್ತಿರ ಬಂತು. ಪುಟ್ಟರಾಜು ದಿನಾ ಪಾತಿಯ ಮುಂದೆ ನಿಂತು, "ಅಮ್ಮಾವ್ರೆ, ಚೆಟ್ಟಳ್ಳಿ ಬಳ್ಳಿ ಯಾವ ಪಾತೀದು? ಬೇರೆ ಇಡಾನ, ಹನ್ನೊಂದು ಮನೇರೂ ಫೋನ್ ಮಾಡ್ತಾವ್ರೆ" ಅನ್ನುತ್ತಾನೆ. "ಹೇಳೋ ದಿನ ಹೇಳ್ತೀನಿ, ಈಗ ನೀರು ಹಾಕು" ಅನ್ನುತ್ತೇನೆ. ಸುರಿಯುವ ಮಳೆಯಲ್ಲಿ ನೀರು ಹಾಕು ಅಂದದ್ದಕ್ಕೆ ನನ್ನ ಮುಖ ನೋಡಿದ.

ಇನ್ನೊಂದು ತಿಂಗಳು ಮಾತ್ರೆ ನಡೆಯಲಿ. ಅಷ್ಟರಲ್ಲಿ ಹೊಸದೂ ಬಂದುಬಿಡುತ್ತದೆ.

ಯಮುನ


ಭಾಗಮಂಡಲ
೩೦ ಮೇ ೨೦೨೫

ಯಮುನ,

ಅದು ಹೂವಲ್ಲ, ಅಪಾಯದ ಗುರುತು. ನಿಂತು ಇಷ್ಟು ವರ್ಷವಾದ ಮೇಲೆ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.

ಇಲ್ಲಿ ಮರ ಬಿದ್ದು ನಾಲ್ಕು ದಿನದಿಂದ ಕರೆಂಟಿಲ್ಲ, ಫೋನಿಲ್ಲ, ನನ್ನ ಮಂಡಿ ಬಸ್ಸು ಹತ್ತಲು ಬಿಡುವುದಿಲ್ಲ. ಅನಂತಕೃಷ್ಣನ ಮಗಳು ಹಂಸಿನಿ ನಾಳೆ ಜೀಪಿನಲ್ಲಿ ಮಡಿಕೇರಿಗೆ ಹೊರಡುತ್ತಾಳೆ, ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಸೋಮವಾರ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯುವವಳೂ ಅವಳೇ. ಅವಳ ಹತ್ತಿರ ವಾದ ಮಾಡಬೇಡ. ಕಾಲೇಜಿನಲ್ಲಿ ಪಾಠ ಮಾಡುವವಳು, ನಿನಗಿಂತ ಗಟ್ಟಿ ಗಂಟಲು.

ಚೀಟಿ ಬರೆದ ಕೈ ನನ್ನದು. ನಿನಗೇನಾದರೂ ಆದರೆ ನನ್ನ ಜಂಭಕ್ಕೆ ಆದದ್ದು.

ಇನ್ನೊಂದು. ನೀಲಿ ಯಾವುದೆಂದು ನಿನಗೇ ಗೊತ್ತಿಲ್ಲ, ಅಲ್ಲವೇ? ಇದು ಪರೀಕ್ಷೆಯಲ್ಲ. ಕೇಳುತ್ತಿದ್ದೇನೆ.

ವಾರಿಜಾಕ್ಷಿ


ಕುಶಾಲನಗರ
೨೧ ಜೂನ್ ೨೦೨೫

ಟೀಚರೇ,

ನಿಮ್ಮ ಹಂಸಿನಿ ನನ್ನನ್ನು ಹೋರಿ ಎಳೆದಂತೆ ಎಳೆದುಕೊಂಡು ಹೋದಳು. ಸ್ಕ್ಯಾನ್ ಮಾಡಿದರು. ಒಳಗಿನ ಪದರ ದಪ್ಪವಾಗಿದೆ ಎಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ ಹನ್ನೆರಡು ದಿನ ಕಾಯಿಸಿದರು. ಕ್ಯಾನ್ಸರ್ ಅಲ್ಲವಂತೆ. ಮಾತ್ರೆ ಬಂದ್. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್. ಆ ಹನ್ನೆರಡು ದಿನದ ವಿಷಯ ಬರೆಯುವುದಿಲ್ಲ.

ಡಾಕ್ಟರ ಹೆಸರು ಧನುಶ್ರೀ. ನನ್ನ ನರ್ಸರಿಗಿಂತ ಚಿಕ್ಕ ವಯಸ್ಸು. ನೆನಪಿಗೆ ಅಂತ ತಿಂದೆ ಅಂದಾಗ ಪೆನ್ನು ಕೆಳಗಿಟ್ಟರು.

"ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮಾ?"

"ಹದಿನೇಳು."

"ಅರವತ್ತೈದು ದಾಟಿದ ಮೇಲೆ ನೆನಪಿಗೆ ಅಂತ ಇದನ್ನ ಶುರು ಮಾಡಿದ್ರೆ ಉಪಯೋಗ ಇಲ್ಲ. ಅಷ್ಟು ತಡವಾಗಿ ಶುರು ಮಾಡಿದ ಹೆಂಗಸ್ರಲ್ಲಿ ಮರೆವಿನ ಕಾಯಿಲೆ ಸ್ವಲ್ಪ ಜಾಸ್ತಿನೇ ಕಂಡಿದೆ. ಆಗ ತಾನೇ ನಿಂತಾಗ ಸೆಕೆಗೆ, ನಿದ್ದೆಗೆ ಅಂತ ಡಾಕ್ಟ್ರು ನೋಡಿ ಕೊಡೋದು ಬೇರೆ ವಿಷಯ."

ನನ್ನ ಸ್ಪ್ರಿಂಕ್ಲರ್ ಲೆಕ್ಕ ಒಪ್ಪಿಸಿದೆ. ಪೂರ್ತಿ ಕೇಳಿದರು. "ಸುಂಟಿಕೊಪ್ಪದ ಹತ್ರ ನಮ್ದೂ ತೋಟ ಇದೆ" ಅಂದರು. "ಮಾರ್ಚಲ್ಲಿ ಹಾಕೋ ಸ್ಪ್ರಿಂಕ್ಲರ್‌ನ ಮೊಗ್ಗೆಲ್ಲ ಒಣಗಿದ ಮೇಲೆ ಜೂನಲ್ಲಿ ಹಾಕ್ತೀರಾ?"

ಚೀಲದಲ್ಲಿ ಉಳಿದಿದ್ದ ಮಾತ್ರೆಯನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ.

ಬೇರೇನೂ ನಡೆಯಲಿಲ್ಲ. ನಿಮ್ಮ ಪ್ರಶ್ನೆ ಓದಿದೆ. ಇಲ್ಲಿ ಮಳೆ ಜೋರು, ಕೈತುಂಬ ಕೆಲಸ.

ಯಮುನ


ಭಾಗಮಂಡಲ
೨೬ ಜೂನ್ ೨೦೨೫

ಪ್ರಿಯ ಯಮುನ,

ಬೇರೇನೂ ನಡೆಯಲಿಲ್ಲವೇ? ಹಂಸಿನಿ ಪಕ್ಕದ ಕುರ್ಚಿಯಲ್ಲೇ ಇದ್ದಳು. ಡಾಕ್ಟರು ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ, "ನೀವು ಕೊಟ್ಟಿದ್ದೇ ಎರಡು, ಲೆಕ್ಕ ಸರಿ ಇಟ್ಕೊಳ್ಳಿ" ಎಂದು ಜಗಳಕ್ಕೆ ನಿಂತೆಯಂತೆ. ಆ ಎರಡರಲ್ಲಿ ಒಂದನ್ನು ಹೇಳಿದೆಯಂತೆ. ಮರೆವಿಗೆ ಹತ್ತು ಕಾರಣ ಇರಬಹುದು, ಥೈರಾಯ್ಡ್, ವಿಟಮಿನ್, ಕೆಲವು ಸರಿಹೋಗುವಂಥವು, ಕೆಲವು ಅಲ್ಲ, ನೋಡದೆ ಹೇಳಲಾಗದು ಎಂದು ರಕ್ತ ತೆಗೆದಿದ್ದಾರೆ. ಜುಲೈ ಹದಿನೇಳಕ್ಕೆ ಬರಬೇಕು, ನಿನ್ನನ್ನು ಬಹಳ ವರ್ಷದಿಂದ ಬಲ್ಲವರೊಬ್ಬರನ್ನು ಕರೆತರಬೇಕು ಎಂದಿದ್ದಾರೆ. ಇದರಲ್ಲಿ ಒಂದನ್ನೂ ನೀನು ಬರೆಯಲಿಲ್ಲ.

ನಿನ್ನನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. ನನ್ನ ಶಿಷ್ಯ ಅಶ್ವಥ್ ಬರುತ್ತಾನೆಂದು ಫೆಬ್ರವರಿಯಲ್ಲಿ ನೀನೇ ಕಾಗದ ಬರೆದಿದ್ದೆ, ಅದೂ ನಿನಗೆ ಮರೆತಿದೆ. ಹೊರಡುವ ಹಿಂದಿನ ದಿನ ಟ್ರಂಕಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದು ನಲವತ್ತೆರಡು ಹೆಸರನ್ನೂ ಬಾಯಿಪಾಠ ಮಾಡಿಕೊಂಡು ಬಂದೆ. ಮಾತ್ರೆಯ ಹೆಸರೂ ಅಷ್ಟೇ, ತೊಂಬತ್ತೆಂಟರ ದಿನಚರಿ ನೋಡಿ ಬರೆದದ್ದು. ನನಗೂ ಮರೆಯುತ್ತದೆ, ಯಮುನ. ನಾನು ಬರೆದಿಡುತ್ತೇನೆ, ಅಷ್ಟೇ. ಜನ ಹೊಗಳುವಾಗ ಸುಮ್ಮನಿರುತ್ತೇನೆ.

ನಿನಗಾಗಿ ಈ ವರ್ಷದ ದಿನಚರಿಯನ್ನೂ ತೆಗೆದು ನೋಡಿದೆ. ಫೆಬ್ರವರಿ ಇಪ್ಪತ್ತೆರಡು. ನೀನು ಮಾಡಿದ ಅಕ್ಕಿರೊಟ್ಟಿ ಇದೆ, ಹೊಸ ನೀರಿನ ಟ್ಯಾಂಕ್ ಇದೆ, ಪುಟ್ಟರಾಜುವಿನ ಕೆಮ್ಮು ಇದೆ. ನೀಲಿ ಇಲ್ಲ. ನೀನು ಯಾರಿಗೂ ಹೇಳಿರಲಿಲ್ಲ. ಈಗ ಅದು ಯಾರ ಹತ್ತಿರವೂ ಇಲ್ಲ.

ಹನ್ನೊಂದು ಮನೆಯವರು ಬರುತ್ತಾರೆ. ಅಂದಾಜಿನ ಮೇಲೆ ಕೊಡಬೇಡ.

ವಾರಿಜಾಕ್ಷಿ


ಕುಶಾಲನಗರ
೬ ಜುಲೈ ೨೦೨೫

ಟೀಚರೇ,

ಗೊತ್ತಿಲ್ಲ. ಮಾರ್ಚಿನಲ್ಲಿ ಮೊದಲ ಕಾಗದ ಬರೆದ ದಿನವೂ ಗೊತ್ತಿರಲಿಲ್ಲ. ಬಟ್ಟೆ ಕಟ್ಟಿ ಹತ್ತು ದಿನಕ್ಕೆ ಹೋಗಿಬಿಟ್ಟಿತು. ಪಾತಿಯ ಮುಂದೆ ನಿಂತರೆ ಎರಡು ಬಣ್ಣ ಕಾಣುತ್ತದೆ, ಅದರ ಹಿಂದೆ ಏನೂ ಇಲ್ಲ. ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದೆ ಅನ್ನುವುದು ಸುಳ್ಳು. ನಿಮ್ಮ ಬಾಯಿಂದ ಬಂದರೆ ನನ್ನದು ಅಂತ ಇಟ್ಟುಕೊಳ್ಳೋಣ ಅಂತಿದ್ದೆ.

ಆದರೆ ಹಾಜರಿ ಪುಸ್ತಕದ ವಿಷಯ ಓದಿ ಸಿಟ್ಟಿಗೆ ಒಂದು ಹೊತ್ತು ಊಟ ಸೇರಲಿಲ್ಲ. ನಾನು ಆ ನಲವತ್ತೆರಡು ಹೆಸರನ್ನು ನಂಬಿ ಮಾತ್ರೆ ನುಂಗಿದೆ. ಪುಸ್ತಕ ನೋಡಿ ಹೇಳಿದ್ದು ಅಂತ ಅವತ್ತೇ ಅಂದಿದ್ದರೆ ನಾನೂ ಒಂದು ಪುಸ್ತಕ ಕೊಳ್ಳುತ್ತಿದ್ದೆ. ಗರ್ಭಕೋಶವಾದರೂ ನೆಮ್ಮದಿಯಾಗಿರುತ್ತಿತ್ತು.

ಮೊನ್ನೆ ಪುಟ್ಟರಾಜುವನ್ನು ಕರೆದು ತಗಡಿನ ಬೋರ್ಡು, ಬಿಳಿ ಪೇಂಟು ತರಿಸಿದೆ. ಮೊದಲು ಉಳಿದ ಮೆಣಸಿನ ತಳಿಗಳ ಪಾತಿ. ಕೆಂಪು ಬಟ್ಟೆ, ಪಣಿಯೂರು. ಬರೆದ. ಹಳದಿ, ಕರಿಮುಂಡ. ಬರೆದ. ಹೇಳುತ್ತ ಹೋದಂತೆ ಅವನ ಮುಖ ಅರಳುತ್ತಿತ್ತು, ಇಪ್ಪತ್ತು ವರ್ಷ ಕಾದವನು ಪಾಪ. ನೀಲಿಗೆ ಬಂದೆವು. "ಗೊತ್ತಿಲ್ಲ ಅಂತ ಬರಿ" ಅಂದೆ. ಬ್ರಶ್ ಹಿಡಿದು ನಿಂತೇ ಇದ್ದ.

"ನನ್ನತ್ರನೂ ಗುಟ್ಟಾ ಅಮ್ಮಾವ್ರೆ?"

"ಗುಟ್ಟಲ್ಲ ಕಣೋ. ಗೊತ್ತಿಲ್ಲ."

"ಬ್ಯಾಡ ಬಿಡಿ. ನಂಬಿಕೆ ಇಲ್ದಿದ್ರೆ ಬ್ಯಾಡ."

ಇಪ್ಪತ್ತು ವರ್ಷ ಸುಳ್ಳು ಹೇಳಿದಾಗೆಲ್ಲ ನಂಬಿದ ಮನುಷ್ಯರು ನಿಜ ಹೇಳಿದ ದಿನ ನಂಬುವುದಿಲ್ಲ. ಕೊನೆಗೆ ಬ್ರಶ್ ಕಿತ್ತುಕೊಂಡು ನಾನೇ ಬರೆದೆ, ಎರಡು ಬೋರ್ಡಿಗೂ. ಹನ್ನೊಂದು ಮನೆಗೂ ಫೋನ್ ಮಾಡಿ ಈ ವರ್ಷ ಚೆಟ್ಟಳ್ಳಿ ಬಳ್ಳಿ ಇಲ್ಲ, ಮುಂದಿನ ಫೆಬ್ರವರಿಯಲ್ಲಿ ಪುಟ್ಟರಾಜು ಹೋಗಿ ಹೊಸ ಕುಡಿ ತರುತ್ತಾನೆ ಅಂದೆ. ಆ ಬಳ್ಳಿ ನಿಂತ ಮರವನ್ನು ನಿನ್ನೆ ಅವನಿಗೆ ತೋರಿಸಿ ಬಂದೆ. ತೋಟದ ಗೇಟಿನಿಂದ ಎಷ್ಟನೇ ಮರ ಅಂತ ಅವನ ಕೈಯಲ್ಲೇ ಬರೆಸಿದೆ. ಫೆಬ್ರವರಿಯಲ್ಲಿ ನನ್ನನ್ನು ಕೇಳುವಂತಿರಬಾರದು.

ಈಗ ಹೊಸ ತಲೆನೋವು. ಅಮ್ಮಾವ್ರು ಏನೋ ದೊಡ್ಡದನ್ನೇ ಬಚ್ಚಿಟ್ಟಿದ್ದಾರೆ ಅಂತ ಪುಟ್ಟರಾಜು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಇವತ್ತು ಬೆಳಿಗ್ಗೆಯಿಂದ ಮೂರ್ನಾಡಿನವರೊಬ್ಬರು ಬಂದು ಬೆಂಚಿನ ಮೇಲೆ ಕೂತಿದ್ದಾರೆ, ಅವರಿಗೆ ನೀಲಿಯೇ ಬೇಕಂತೆ. ಗೊತ್ತಿಲ್ಲ ಅಂತ ನಾನೇ ಬರೆದ ಬೋರ್ಡು ಎದುರಿಗಿದೆ, ಅದನ್ನು ಓದಿ ನನ್ನ ಕಡೆ ಕಣ್ಣು ಮಿಟುಕಿಸುತ್ತಾರೆ. ಮೂರು ಸಲ ಬಾಯಿಬಿಟ್ಟು ಹೇಳಿದೆ. ಟೀ ಬೇಕು ಅಂದರು.

ಮಂಡಿಗೆ ಪಟ್ಟಿ ಸುತ್ತಿಕೊಂಡು ಜೀಪಿನಲ್ಲಾದರೂ ಬನ್ನಿ, ಹದಿನೇಳಕ್ಕೆ ಮುಂಚೆ. ಡಾಕ್ಟರ ಹತ್ತಿರ ನನ್ನನ್ನು ಬಲ್ಲವರು ಅಂತ ನಿಮ್ಮ ಹೆಸರೇ ಕೊಟ್ಟಿದ್ದೇನೆ. ಅದಕ್ಕೂ ಮೊದಲು ಈ ಬೆಂಚಿನವರಿಗೆ ಹೇಳಿ, ಯಮುನಳಿಗೆ ನಿಜವಾಗಿಯೂ ಮರೆತುಹೋಗಿದೆ ಅಂತ. ಟೀಚರ್ ಹೇಳಿದರೆ ನಂಬುತ್ತಾರೆ.

ಯಮುನ